ಕಾಣುವ ಆಚಾರ, ಕಾಣದ ಒಳಪದರ

ಸಂಸ್ಕೃತಿ ಎಂಬ ಮಾತು ಇಂದು ಸಭೆ ಸಮಾರಂಭಗಳಲ್ಲಿ ಬಹಳವಾಗಿ ಕೇಳಿಬರುತ್ತದೆ. ಆಶೀರ್ವಚನಕ್ಕೆಂದು ನಮ್ಮನ್ನು ಬರಮಾಡಿಕೊಳ್ಳುವ ಭಕ್ತರು, ‘ಪೂಜ್ಯರು ನಮ್ಮ ಸಂಸ್ಕೃತಿಯ ವಿಷಯವಾಗಿ ನಾಲ್ಕು ಮಾತು ಅಪ್ಪಣೆ ಕೊಡಿಸಬೇಕು’ ಎಂದು ಬಿನ್ನವಿಸುತ್ತಾರೆ. ಊರ ಅಗಸಿಯಲ್ಲಿ ಪೂರ್ಣಕುಂಭ, ನಂದಿಕೋಲು, ಪುರವಂತರ ಒಡಪು, ಹಣೆತುಂಬ ವಿಭೂತಿ, ಎದೆಯ ಮೇಲೆ ಬೆಳ್ಳಿಯ ಕರಡಿಗೆ. ಮೆರವಣಿಗೆ ಮುಗಿದು ಪ್ರಸಾದಕ್ಕೆ ಕುಳಿತರೆ ಸಾಲು ಸಾಲು ಪಂಕ್ತಿ. ಇದೆಲ್ಲ ಕಣ್ಣಿಗೆ ಹಬ್ಬವೇ. ದೂರದೂರಿನಿಂದ ಬಂದವನೊಬ್ಬ ಇದನ್ನು ಕಂಡು ಇದೇ ಈ ಜನರ ಸಂಸ್ಕೃತಿ ಎಂದು ಬರೆದುಕೊಂಡು ಹೋದರೆ ಅವನನ್ನು ತಪ್ಪೆನ್ನಲಾಗದು. ಅವನು ಕಂಡದ್ದು ನಿಜ. ಆದರೆ ಅವನು ಕಾಣದೆ ಹೋದದ್ದೂ ನಿಜವೇ. ನಾವು ಇಲ್ಲಿಯೇ ಹುಟ್ಟಿ ಬೆಳೆದವರಾಗಿಯೂ ಅದನ್ನು ಕಾಣುವುದಿಲ್ಲವಲ್ಲ, ಅದು ಮಾತ್ರ ಯೋಚಿಸಬೇಕಾದ ಸಂಗತಿ.

ನಮ್ಮ ಹಿಂದಿನವರು ಈ ವಿಷಯದಲ್ಲಿ ಎಚ್ಚರವುಳ್ಳವರಾಗಿದ್ದರು. ಗುರು, ಲಿಂಗ, ಜಂಗಮ, ವಿಭೂತಿ, ರುದ್ರಾಕ್ಷಿ, ಮಂತ್ರ, ಪಾದೋದಕ, ಪ್ರಸಾದ ಈ ಎಂಟಕ್ಕೆ ಅವರಿಟ್ಟ ಹೆಸರು ಅಷ್ಟಾವರಣ. ಆವರಣವೆಂದರೆ ಸುತ್ತಲಿನ ಬೇಲಿ, ಹೊದಿಕೆ. ಬೇಲಿ ಇದೆಯೆಂದ ಮೇಲೆ ಅದರೊಳಗೆ ಕಾಪಾಡಬೇಕಾದ ಬೆಳೆಯೊಂದು ಇರಲೇಬೇಕಷ್ಟೆ. ಆ ಬೆಳೆ ಯಾವುದೆಂಬುದನ್ನೂ ಹಿರಿಯರು ಹೇಳದೆ ಬಿಡಲಿಲ್ಲ. ಅಷ್ಟಾವರಣ ಧರ್ಮದ ಅಂಗ, ಪಂಚಾಚಾರ ಅದರ ಪ್ರಾಣ, ಷಟ್‌ಸ್ಥಲ ಅದರ ಆತ್ಮ ಎಂದು ಮೂರು ಪದರುಗಳಾಗಿ ವಿಂಗಡಿಸಿದರು. ಅಂಗ ಎಲ್ಲರಿಗೂ ಕಾಣುತ್ತದೆ. ಪ್ರಾಣವಿದೆಯೇ ಎಂಬುದನ್ನು ಹತ್ತಿರ ಹೋಗಿ ಮೂಗಿನ ಬಳಿ ಕೈಯಿಟ್ಟು ನೋಡಬೇಕು. ಆತ್ಮವಂತೂ ಅವರವರ ಅನುಭಾವಕ್ಕೇ ಬಿಟ್ಟದ್ದು.

ಅಂಗೈಯಲ್ಲಿರುವ ಇಷ್ಟಲಿಂಗವನ್ನೇ ನೋಡಿರಿ. ಕಾಣುವುದು ಹೊರಗಿನ ಕಪ್ಪು ಲೇಪ, ಅದರ ಹೊಳಪು. ಲೇಪದ ಒಳಗೆ ಪ್ರಮಾಣಬದ್ಧವಾಗಿ ಕಡೆದ ಪುಟ್ಟ ಶಿಲಾಲಿಂಗವಿದೆ. ಪ್ರತಿನಿತ್ಯ ಪೂಜೆ ಮಾಡುವವರಲ್ಲಿ ಎಷ್ಟೋ ಜನ ಆ ಒಳಗಿನ ಕಲ್ಲನ್ನು ಒಮ್ಮೆಯೂ ಕಂಡವರಲ್ಲ. ಇಷ್ಟಲಿಂಗದ ಆಚೆಗೆ ಪ್ರಾಣಲಿಂಗ, ಅದರಾಚೆಗೆ ಭಾವಲಿಂಗ ಎಂದು ಶಾಸ್ತ್ರ ಹೇಳುತ್ತದೆ. ತನುವಿಗೊಂದು, ಮನಕ್ಕೊಂದು, ಭಾವಕ್ಕೊಂದು. ಕೊರಳಲ್ಲಿ ಕಟ್ಟಿಕೊಂಡವನು ಮನಸ್ಸಿನಲ್ಲಿ ಕಟ್ಟಿಕೊಂಡನೇ ಎಂಬ ಪ್ರಶ್ನೆ ಹನ್ನೆರಡನೆಯ ಶತಮಾನದಲ್ಲಿ ಅಲ್ಲಮಪ್ರಭುಗಳ ಸನ್ನಿಧಿಯಲ್ಲಿಯೇ ಎದ್ದ ಪ್ರಶ್ನೆ, ಇಂದಿನದಲ್ಲ.

ಮರಣದ ಮನೆಯಲ್ಲಿಯೂ ಹೀಗೆಯೇ. ನಮ್ಮಲ್ಲಿ ದೇಹವನ್ನು ಸುಡುವುದಿಲ್ಲ, ಕುಳ್ಳಿರಿಸಿ ಸಮಾಧಿ ಮಾಡುತ್ತಾರೆ ಎಂಬಷ್ಟು ಹೊರಗಿನವರಿಗೂ ಗೊತ್ತು. ಬದುಕಿದ್ದಾಗ ಪೂಜೆಗೆ ಕುಳಿತ ಭಂಗಿಯಲ್ಲಿಯೇ, ಪೂಜಿಸಿದ ಲಿಂಗವನ್ನೇ ಅಂಗೈಯಲ್ಲಿಟ್ಟು, ವಿಭೂತಿಯೊಂದಿಗೆ ಮಣ್ಣಿಗೆ ಒಪ್ಪಿಸುವುದು ಏಕೆಂದು ಕೇಳಿದರೆ ಮನೆಯವರೇ ಉತ್ತರಕ್ಕೆ ತಡವರಿಸುತ್ತಾರೆ. ಆದರೆ ಅವರ ಬಾಯಲ್ಲಿ ‘ಸತ್ತರು’ ಎಂಬ ಮಾತು ಬರುವುದಿಲ್ಲ, ‘ಲಿಂಗೈಕ್ಯರಾದರು’ ಎಂದೇ ಬರುತ್ತದೆ. ಉತ್ತರ ಗೊತ್ತಿಲ್ಲದವರ ನಾಲಗೆಯ ಮೇಲೆ ಉತ್ತರ ಕುಳಿತಿರುತ್ತದೆ.

ಇನ್ನು ಕಟ್ಟುಗಳ ಮಾತು. ಹಿಂದೆ ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ, ಮಠಗಳಲ್ಲಿ ದೇವರ ಜಗಲಿಯ ಮೇಲೆ ಕೆಂಪು ಅರಿವೆಯಲ್ಲಿ ಸುತ್ತಿದ ತಾಳೆಗರಿಯ ಕಟ್ಟುಗಳಿರುತ್ತಿದ್ದವು. ಮೇಲೊಂದು ಕೆಳಗೊಂದು ಮರದ ಹಲಗೆ, ನಡುವೆ ಗರಿ, ಸುತ್ತಲೂ ದಾರ. ಸೋಮವಾರ ಅದಕ್ಕೂ ವಿಭೂತಿ, ಪತ್ರಿ, ಊದಿನಕಡ್ಡಿ. ಬಿಚ್ಚಿ ಓದುವವರು ವಿರಳವಾಗಿದ್ದರು. ಬಿಚ್ಚಿದರೆ ದೋಷವೆಂದು ಹೆದರುವವರೂ ಇದ್ದರು. ಹೀಗೆ ಎಷ್ಟೋ ಮನೆತನಗಳು ಶರಣರ ವಚನಗಳನ್ನು ತಲೆಯ ಮೇಲೆ ಹೊತ್ತು, ಅವುಗಳ ಒಂದಕ್ಷರವನ್ನೂ ತಿಳಿಯದೆ ತಲೆಮಾರುಗಳನ್ನು ಕಳೆದವು. ಬಿಜಾಪುರದಲ್ಲಿ ವಕೀಲರಾಗಿದ್ದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು (1880-1964) ಊರೂರು ಅಲೆದು, ಮನೆಮನೆಯ ಬಾಗಿಲಲ್ಲಿ ನಿಂತು, ಆ ಕಟ್ಟುಗಳನ್ನು ಬೇಡಿ ತಂದು ಬಿಚ್ಚಿದರು. 1923ರಲ್ಲಿ ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಯಿತು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭವಾಯಿತು. ಮುದ್ರಣದ ಕೆಲಸಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ವಕೀಲಿ ಮಾಡಿ ಮಾಳಿಗೆಯ ಮೇಲೆ ಮಾಳಿಗೆ ಕಟ್ಟಬಹುದಾಗಿದ್ದ ಆ ಪುಣ್ಯಾತ್ಮರು ಹರಿದ ಕೋಟು ತೊಟ್ಟು ತಿರುಗಿದ್ದನ್ನು ಹಿರಿಯರು ಹೇಳುತ್ತಿದ್ದರು. ಇಂದು ಶಾಲೆಯ ಮಗುವೂ ವಚನ ಹೇಳುತ್ತದೆಯೆಂದರೆ ಆ ದಾರ ಬಿಚ್ಚಿದ ಕೈಗಳ ಋಣ ಅದರಲ್ಲಿದೆ.

ನಮ್ಮ ಶ್ರೀಮಠದ ಜಗಲಿಯ ಮೇಲೆಯೂ ಎರಡು ಕಟ್ಟುಗಳಿದ್ದವು. ಲಿಂಗೈಕ್ಯ ಗುರುಗಳು ಪ್ರತಿದಿನ ಅವುಗಳಿಗೆ ವಿಭೂತಿ ಧರಿಸದೆ ಪ್ರಸಾದ ಸ್ವೀಕರಿಸಿದವರಲ್ಲ. ನಾವು ಸಂಸ್ಕೃತ ಪಾಠಶಾಲೆಯ ಅಧ್ಯಯನ ಮುಗಿಸಿ ಬಂದ ಹೊಸತು, ಓದಿದ ಉಮೇದಿತ್ತು. ಬಿಚ್ಚಿ ನೋಡಲು ಅಪ್ಪಣೆ ಬೇಡಿದೆವು. ಮೂರು ತಿಂಗಳು ಕೇಳಿದ ಮೇಲೆ ಅಪ್ಪಣೆಯಾಯಿತು. ಒಂದು ಕಟ್ಟಿನಲ್ಲಿ ವಚನಗಳಿದ್ದವು. ಹುಳು ಹಿಡಿದು ಅರ್ಧಕ್ಕರ್ಧ ಪುಡಿಯಾಗಿತ್ತು. ಇನ್ನೊಂದರಲ್ಲಿ ಇದ್ದದ್ದು ಜೋಳದ ಲೆಕ್ಕ, ದನಗಳ ಬೇನೆಗೆ ಮದ್ದು! ಯಾವ ಊರಿನಿಂದ ಎಷ್ಟು ಚೀಲ ಜೋಳ ಬಂತು, ಎತ್ತಿನ ಹೊಟ್ಟೆಯುಬ್ಬರಕ್ಕೆ ಏನು ಅರೆದು ಕುಡಿಸಬೇಕು ಎಂಬ ವಿವರ. ನಮಗೆ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷ ಲೆಕ್ಕದ ಪುಸ್ತಕಕ್ಕೆ ಪತ್ರಿ ಏರಿಸಿದಂತಾಯಿತಲ್ಲ ಎಂದೆವು. ಗುರುಗಳು ನಗಲಿಲ್ಲ. ‘ಆ ಜೋಳ ದಾಸೋಹಕ್ಕೆ ಬಂದದ್ದು, ಆ ಎತ್ತು ಭಕ್ತನ ಎತ್ತು’ ಎಂದಷ್ಟೇ ಹೇಳಿ, ಎರಡೂ ಕಟ್ಟುಗಳಿಗೆ ಎಂದಿನಂತೆ ವಿಭೂತಿ ಹಚ್ಚಿದರು. ಆದರೆ ಮರುದಿನ ವಚನದ ಕಟ್ಟನ್ನು ನಮ್ಮ ಕೈಗೆ ಕೊಟ್ಟು, ‘ಪುಡಿಯಾಗುವ ಮೊದಲು ಪ್ರತಿ ಮಾಡು’ ಎಂದರು. ಪ್ರತಿ ಮಾಡಿದೆವು. ಉಳಿದಿದ್ದಷ್ಟು ಉಳಿಯಿತು.

ಇಷ್ಟನ್ನು ಪೀಠಿಕೆಯಾಗಿ ಹೇಳಲು ಕಾರಣವಿದೆ. ಗರಿಯ ಕಟ್ಟನ್ನು ಬಿಚ್ಚಬಲ್ಲವರಾಗಿದ್ದ ನಾವು ನಮ್ಮ ಕಣ್ಣೆದುರಿಗಿದ್ದ ಇನ್ನೊಂದು ಕಟ್ಟನ್ನು ನಲವತ್ತು ವರ್ಷ ಮುಟ್ಟದೆ ಕುಳಿತಿದ್ದೆವು. ಅದನ್ನು ಮರೆಮಾಚದೆ ಇಲ್ಲಿ ಹೇಳಬೇಕಾಗಿದೆ.

ನಾಲ್ಕು ವರ್ಷಗಳ ಹಿಂದೆ ಶ್ರಾವಣ ಮಾಸದಲ್ಲಿ ನಾವು ಒಂದು ಹಳ್ಳಿಗೆ ಪಾದಪೂಜೆಗೆ ದಯಮಾಡಿಸಿದ್ದೆವು. ಮಠಕ್ಕೆ ಮೂರು ತಲೆಮಾರಿನಿಂದ ನಡೆದುಕೊಳ್ಳುವ ಒಕ್ಕಲು ಮನೆತನ. ಅಂಗಳ ಸಾರಿಸಿ ರಂಗೋಲಿ ಹಾಕಿದ್ದರು. ಮನೆಯ ಹಿರಿಯಜ್ಜಿ, ಮಗ, ಸೊಸೆ, ನೆಂಟರಿಷ್ಟರು ಎಲ್ಲರೂ ಬಂದು ಪಾದ ಮುಟ್ಟಿ ಆಶೀರ್ವಾದ ಪಡೆದರು. ಮೊಮ್ಮಗಳು ಕಾಣಲಿಲ್ಲ. ಪಟ್ಟಣದಲ್ಲಿ ಪದವಿ ತರಗತಿ ಓದುವ ಹುಡುಗಿ. ಎಂಟನೆಯ ವಯಸ್ಸಿನಲ್ಲಿ ಆಕೆಗೆ ಲಿಂಗದೀಕ್ಷೆ ಕೊಟ್ಟವರು ನಾವೇ. ‘ಎಲ್ಲಿ ನಿಮ್ಮ ಹುಡುಗಿ?’ ಎಂದು ವಿಚಾರಿಸಿದಾಗ ಅಜ್ಜಿ ದನಿ ತಗ್ಗಿಸಿ ‘ಹೊರಗ ಕುಂತಾಳ್ರಿ ಅಜ್ಜಾರ’ ಎಂದಳು. ಅರ್ಥವಾಯಿತು, ಮುಂದೆ ಕೇಳಲಿಲ್ಲ.

ಪ್ರಸಾದ ಮುಗಿಸಿ ಹಿತ್ತಿಲ ಕಡೆ ಕೈ ತೊಳೆಯಲು ಹೋದಾಗ ದನದ ಮನೆಯ ಬಾಗಿಲಲ್ಲಿ ಆ ಮಗು ನಿಂತಿತ್ತು. ದೂರದಿಂದಲೇ ಕೈ ಮುಗಿಯಿತು. ಕೊರಳು ಬರಿದಾಗಿತ್ತು. ನಮ್ಮ ಕಣ್ಣು ಅತ್ತ ಹೋದದ್ದನ್ನು ಕಂಡು ತಾನಾಗಿಯೇ ಹೇಳಿತು: ‘ಲಿಂಗಾನ ಜಗಲಿ ಗೂಟಕ್ಕ ಹಾಕ್ಯಾರ್ರಿ ಅಜ್ಜಾರ. ದೀಕ್ಷಾ ಕೊಡೂ ಮುಂದ ನೀವ ಹೇಳಿದ್ರಿ, ಪ್ರಾಣ ಹೋದ್ರೂ ಲಿಂಗ ಮೈಮ್ಯಾಲಿಂದ ಬಿಡಬಾರದಂತ. ತಿಂಗಳಾ ನಾಕು ದಿನ ಬಿಡಸ್ತಾರಲ್ರಿ, ಆ ನಾಕು ದಿನ ನಾ ಯಾರ್ರಿ?’

ಕೇಳಿದ ದನಿಯಲ್ಲಿ ಉದ್ಧಟತನವಿರಲಿಲ್ಲ. ಅಳುವೂ ಇರಲಿಲ್ಲ. ಲೆಕ್ಕ ಬಿಡಿಸಲಾರದೆ ಗುರುಗಳನ್ನು ಕೇಳಿದ ಹಾಗಿತ್ತು. ನಾವು ಏನು ಹೇಳಿದೆವು? ಏನನ್ನೂ ಹೇಳಲಿಲ್ಲ. ‘ಶಿವ ಒಳ್ಳೆಯದು ಮಾಡಲಿ, ಚೆನ್ನಾಗಿ ಓದು’ ಎಂದು ಕೈಯೆತ್ತಿ ಮುಂದೆ ನಡೆದೆವು. ಆ ದಿನದ ನಮ್ಮ ಮೌನವನ್ನು ನೆನೆದರೆ ಇಂದಿಗೂ ನಾಚಿಕೆಯೆನಿಸುತ್ತದೆ.

ಏಕೆಂದರೆ ನಮಗೆ ಉತ್ತರ ಗೊತ್ತಿತ್ತು. ಶ್ರೀ ಶಿವಯೋಗಿ ಶಿವಾಚಾರ್ಯರ ‘ಸಿದ್ಧಾಂತ ಶಿಖಾಮಣಿ’ಯನ್ನು ಎಷ್ಟು ಸಲ ಪಾಠ ಹೇಳಿದ್ದೇವೆ! ಲಿಂಗಾರ್ಚನೆಯಲ್ಲಿ ನಿರತಳಾದ ಸ್ತ್ರೀಗೆ ಋತುಕಾಲದಲ್ಲಿ ಸೂತಕವಿಲ್ಲ, ಬಾಣಂತಿಗೂ ಸೂತಕವಿಲ್ಲವೆಂದು ಅಲ್ಲಿ ಸ್ಪಷ್ಟವಾಗಿದೆ. ಶರಣರ ಮಾರ್ಗವೂ ಇದೇ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಈ ಐದು ಸೂತಕಗಳು ಲಿಂಗವಂತನಿಗೆ ಇಲ್ಲವೆಂಬುದು ಪಂಚಸೂತಕ ನಿರಾಕರಣೆ. ಬೇರೆ ಎಷ್ಟೋ ವಿಷಯಗಳಲ್ಲಿ ಪಂಡಿತರ ನಡುವೆ ವಾದವಿರಬಹುದು. ಈ ಒಂದು ವಿಷಯದಲ್ಲಿ ಸಂಸ್ಕೃತದ ಆಗಮಮಾರ್ಗದವರೂ ಕನ್ನಡದ ವಚನಮಾರ್ಗದವರೂ ಒಂದೇ ದನಿಯಲ್ಲಿ ನುಡಿದಿದ್ದಾರೆ. ಮೈಲಿಗೆಯನ್ನು ಕಳೆಯಲೆಂದೇ ಲಿಂಗ ಮೈಮೇಲೆ ಬಂದಿತು. ಮೈಲಿಗೆಯಾಯಿತೆಂದು ಲಿಂಗವನ್ನೇ ತೆಗೆದಿಡುವುದೆಂದರೆ ಬೆಂಕಿಗೆ ಚಳಿಯಾದೀತೆಂದು ಒಲೆಯಿಂದ ಹೊರಗಿಟ್ಟಂತೆ.

ಪಾಠ ನಮ್ಮ ಬಾಯಲ್ಲಿತ್ತು. ಆದರೆ ಆ ಮನೆಯಲ್ಲಿ, ನಾವು ಹುಟ್ಟಿದ ಮನೆಯಲ್ಲಿ, ನಾವು ದಯಮಾಡಿಸಿದ ನೂರಾರು ಮನೆಗಳಲ್ಲಿ ನಡೆದದ್ದು ಬೇರೆ. ಬಾಲ್ಯದಲ್ಲಿ ನಮ್ಮ ತಾಯಿ ತಿಂಗಳಿಗೆ ನಾಲ್ಕು ದಿನ ಪಡಸಾಲೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದುದು ನೆನಪಿದೆ. ಅದಕ್ಕೂ ಶಾಸ್ತ್ರಕ್ಕೂ ಸಂಬಂಧವಿದೆಯೆಂದು ನಮಗೆ ತೋರಿರಲೇ ಇಲ್ಲ. ಒಂದು ಪುಸ್ತಕದಲ್ಲಿತ್ತು, ಇನ್ನೊಂದು ಮನೆಯಲ್ಲಿತ್ತು. ಎರಡರ ನಡುವಿನ ಬಾಗಿಲನ್ನು ತೆರೆದವಳು ದನದ ಮನೆಯಲ್ಲಿ ನಿಂತ ಆ ಹುಡುಗಿ. ಮನೆಯಲ್ಲಿ ಎಲ್ಲರೂ ಮಾಡುವುದನ್ನು ಯಾರೂ ಆಚಾರವೆಂದು ಕರೆಯುವುದಿಲ್ಲ, ಅದು ‘ಹಾಂಗ ನಡಕೊಂಡು ಬಂದೈತಿ’ ಅಷ್ಟೇ. ಹೆಸರಿಲ್ಲದ್ದರಿಂದ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಪುಸ್ತಕದಲ್ಲಿದ್ದರೆ ಯಾರಾದರೂ ಖಂಡಿಸುತ್ತಿದ್ದರು.

ತಿಂಗಳು ಕಳೆದ ಮೇಲೆ, ಮನಸ್ಸು ತಡೆಯದೆ, ಯಾವ ಪೂಜೆಯ ನೆಪವೂ ಇಲ್ಲದೆ ಆ ಮನೆಗೆ ಮತ್ತೆ ಹೋದೆವು. ಕಟ್ಟೆಯ ಮೇಲೆ ಕುಳಿತು ಹಿರಿಯಜ್ಜಿಯನ್ನು ಕರೆದು ಶಾಸ್ತ್ರದ ಮಾತನ್ನು ತಿಳಿಯಹೇಳಿದೆವು. ಇದು ಗುರುವಾಕ್ಯ, ಇನ್ನು ಮೇಲೆ ಈ ಮನೆಯಲ್ಲಿ ಹೆಣ್ಣುಮಕ್ಕಳ ಕೊರಳಿನ ಲಿಂಗ ತೆಗೆಸಬಾರದು, ಹೊರಗೆ ಕೂರಿಸಬಾರದು ಎಂದೆವು. ಅಜ್ಜಿ ಒಪ್ಪಿ ತಲೆಯಾಡಿಸುವಳೆಂದು ನಮ್ಮ ಎಣಿಕೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, ಸೆರಗಿನಿಂದ ಮೋರೆ ಒರೆಸಿಕೊಂಡು ಹೇಳಿದ ಮಾತು ಇದು:

‘ಅಜ್ಜಾರ, ಶಾಸ್ತ್ರ ನನಗ ತಿಳ್ಯಾಂಗಿಲ್ರಿ. ಈ ಮನಿಗೆ ಬಂದಾಗ ನಾ ಹದಿಮೂರು ವರ್ಸದಾಕಿ. ನಸಿಕಿನ್ಯಾಗ ಎದ್ದು ಬೀಸಬೇಕು, ಹಳ್ಳಕ್ಕ ಹೋಗಿ ನೀರು ಹೊರಬೇಕು, ಇಪ್ಪತ್ತು ಮಂದಿಗೆ ರೊಟ್ಟಿ ಬಡೀಬೇಕು, ಮತ್ತ ಹೊಲಕ್ಕ ಬುತ್ತಿ ಒಯ್ಯಬೇಕು. ಆ ನಾಕು ದಿನ ಅಷ್ಟ ನನಗ ಯಾರೂ ಕೊಡ ಹೊರು ಅನ್ನಲಿಲ್ರಿ. ದನದ ಮನ್ಯಾಗ ಬೆನ್ನು ಹಚ್ಚಿ ಮಲಗತಿದ್ದೆ. ಅತ್ತಿ ದೂರಿಂದ ತಾಟು ಸರಿಸಿದ್ರೂ ಬಿಸಿ ರೊಟ್ಟಿ ಸರಸತಿದ್ಲು. ಮೈಲಿಗಿ ಇಲ್ಲಂದ್ರ ಇಲ್ಲರಿ, ನೀವ ಹೇಳಿದ ಮ್ಯಾಲ ಮುಗೀತು. ಆದ್ರ ಅದನ್ನೂ ಕಸಗೊಂಡ್ರ ಸೊಸಿ ದಣಿವಾರಿಸಿಕೊಳ್ಳೂದು ಯಾವಾಗ್ರಿ?’

ಶಾಸ್ತ್ರದ ಕಟ್ಟು ಬಿಚ್ಚಿ ಎಲ್ಲವನ್ನೂ ಕಂಡೆವೆಂದು ತಿಳಿದಿದ್ದ ನಮಗೆ, ಅದರ ಒಳಗೆ ಇನ್ನೊಂದು ಕಟ್ಟು ಸಿಕ್ಕಿತು. ಮೈಲಿಗೆಯೆಂಬ ಹೆಸರಿನ ಕೆಳಗೆ ಒಬ್ಬ ದಣಿದ ಹೆಣ್ಣುಮಗಳ ವಿಶ್ರಾಂತಿ ಬಚ್ಚಿಟ್ಟುಕೊಂಡು ಕುಳಿತಿತ್ತು. ಕೂಡು ಕುಟುಂಬದ ಆ ದೊಡ್ಡ ಮನೆಯಲ್ಲಿ ‘ನನಗೆ ಮೈ ನೋವು, ಮಲಗುತ್ತೇನೆ’ ಎಂದು ಸೊಸೆಯಾದವಳು ಹೇಳುವಂತಿರಲಿಲ್ಲ. ‘ಹೊರಗಾದೆ’ ಎಂದರೆ ಮಾತ್ರ ಯಾರೂ ಎದುರಾಡುವಂತಿರಲಿಲ್ಲ. ಹಾಗೆಂದು ಮೈಲಿಗೆ ಸರಿಯಾಯಿತೆಂದು ನಾವು ಹೇಳುವುದಿಲ್ಲ. ಈಚೆಗೆ ಕೆಲವರು ಹಳೆಯ ರೂಢಿಯೊಂದರಲ್ಲಿ ಏನಾದರೊಂದು ಪ್ರಯೋಜನ ಕಂಡೊಡನೆ, ‘ನೋಡಿರಿ, ನಮ್ಮ ಹಿರಿಯರು ಎಷ್ಟು ವೈಜ್ಞಾನಿಕವಾಗಿದ್ದರು’ ಎಂದು ಸಂಭ್ರಮಿಸುತ್ತಾರೆ. ಅದು ನಮಗೆ ಒಪ್ಪಿಗೆಯಲ್ಲ. ಹೆಣ್ಣಿಗೆ ನಾಲ್ಕು ದಿನ ವಿಶ್ರಾಂತಿ ಕೊಡಬೇಕೆಂಬ ಕರುಣೆ ಇದ್ದಿದ್ದರೆ ದನದ ಮನೆಗೆ ಏಕೆ ಕಳಿಸಬೇಕಾಗಿತ್ತು? ಲಿಂಗವನ್ನು ಗೂಟಕ್ಕೆ ಏಕೆ ಹಾಕಬೇಕಾಗಿತ್ತು? ಅವಮಾನದ ಬೆಲೆ ತೆತ್ತು ಕೊಂಡ ವಿಶ್ರಾಂತಿ ಅದು. ಆದರೆ ಅವಮಾನವನ್ನು ಮಾತ್ರ ಕಂಡು, ವಿಶ್ರಾಂತಿಯನ್ನು ಕಾಣದೆ ನಾವು ಅಪ್ಪಣೆ ಕೊಡಿಸಿ ಎದ್ದು ಬಂದಿದ್ದರೆ, ಆ ಮನೆಯ ಸೊಸೆಗೆ ಧರ್ಮದ ಹೆಸರಿನಲ್ಲಿ ನಾಲ್ಕು ದಿನದ ದುಡಿಮೆಯನ್ನು ಹೆಚ್ಚಿಗೆ ಹೊರಿಸಿದ ಪಾಪ ನಮಗೆ ಬರುತ್ತಿತ್ತು.

ಆದ್ದರಿಂದ ಆ ದಿನ ಮನೆಯ ಯಜಮಾನನನ್ನು, ಅವನ ಇಬ್ಬರು ತಮ್ಮಂದಿರನ್ನು ಕರೆಯಿಸಿದೆವು. ಅವರೆದುರಿಗೆ ಎರಡು ಮಾತು ಕಟ್ಟಳೆ ಮಾಡಿದೆವು. ಲಿಂಗ ಕೊರಳಿನಿಂದ ಇಳಿಯಬಾರದು, ಇದು ಒಂದು. ಆ ದಿನಗಳಲ್ಲಿ ಮನೆಯ ಹೆಣ್ಣುಮಕ್ಕಳು ಬೇಡಿದರೆ ನೀರಿನ ಕೊಡ, ಹೆಂಡಿಕಸ ಗಂಡಸರ ಪಾಲಿಗೆ, ಇದು ಇನ್ನೊಂದು. ಮೊದಲನೆಯದಕ್ಕೆ ಮೂವರೂ ತಕ್ಷಣ ಕೈಮುಗಿದರು. ಎರಡನೆಯದಕ್ಕೆ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಕಾಯಕದ ಮಹಿಮೆಯನ್ನು ನಮ್ಮ ಬಾಯಿಂದ ಎಷ್ಟೋ ಸಲ ಕೇಳಿ ಚಪ್ಪಾಳೆ ತಟ್ಟಿದ್ದವರೇ ಅವರು. ನಮಗೆ ಒಳಗೊಳಗೇ ನಗು ಬಂದರೂ ತೋರಗೊಡಲಿಲ್ಲ.

ಕಲ್ಯಾಣದ ಕಥೆಯನ್ನು ನೆನೆಯಿರಿ. ಪರಂಪರೆ ಹೇಳುವಂತೆ ಹರಳಯ್ಯನವರೂ ಮಧುವರಸರೂ ಶರಣರಾಗಿ ಒಂದೇ ಸಮೂಹದಲ್ಲಿದ್ದಾಗ ಕಲ್ಯಾಣ ಅದನ್ನು ಹೇಗೋ ಸಹಿಸಿತು. ಅವರು ಬೀಗರಾಗಲು ಹೊರಟಾಗ ಕಲ್ಯಾಣ ಹೊತ್ತಿ ಉರಿಯಿತು. ಒಟ್ಟಿಗೆ ಕುಳಿತದ್ದು ಮೇಲಿನ ಪದರು. ಮಗಳನ್ನು ಕೊಡುವ ಪ್ರಶ್ನೆ ಬಂದಾಗ ಅಡಿಯಲ್ಲಿದ್ದದ್ದು ಹೊರಬಿದ್ದಿತು. ಎಂಟು ಶತಮಾನಗಳು ಕಳೆದವು. ಇಂದಿಗೂ ಪತ್ರಿಕೆಗಳ ವಧು-ವರ ಪುಟಗಳಲ್ಲಿ ನಮ್ಮವರೇ ಕೊಡಿಸುವ ಜಾಹೀರಾತುಗಳನ್ನು ಒಮ್ಮೆ ಓದಿ ನೋಡಿದರೆ, ಒಳಪಂಗಡದ ಹೆಸರಿಲ್ಲದ ಜಾಹೀರಾತು ಎಷ್ಟು ಸಿಕ್ಕೀತು? ಹಣೆಯ ವಿಭೂತಿ ಒಂದೇ ತೆರನಾಗಿರುತ್ತದೆ. ಈ ಮಾತಿಗೆ ಇನ್ನೊಂದು ವಾರ ಬರೋಣ.

ಮತ ಬೋಧಿಸುವವರು ಊರಿನ ಜಾತ್ರೆಗೆ ಬಂದಾಗ ನೋಡಬೇಕಾದದ್ದು ತೇರನ್ನಲ್ಲ, ಹಿತ್ತಿಲನ್ನು ಎಂದು ಈಗ ಮಠದ ವಟುಗಳಿಗೆ ಹೇಳುತ್ತಿದ್ದೇವೆ. ಪಾಠದ ಶ್ಲೋಕ ಬಂದಾಗ, ‘ಇದು ನಿಮ್ಮ ಮನೆಯಲ್ಲಿ ಹೇಗೆ ನಡೆಯುತ್ತದೆ?’ ಎಂದು ಕೇಳುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಮೊದಮೊದಲು ಹುಡುಗರು ಪುಸ್ತಕದಲ್ಲಿದ್ದ ಉತ್ತರವನ್ನೇ ಹೇಳುತ್ತಿದ್ದರು. ಈಗ ಒಬ್ಬಿಬ್ಬರು, ಹೆದರುತ್ತ ಹೆದರುತ್ತ, ಮನೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಒಬ್ಬ ವಟುವಂತೂ, ‘ನಮ್ಮ ಅವ್ವನ್ನ ಕೇಳಿ ಬಂದು ಹೇಳ್ತೀನ್ರಿ ಅಜ್ಜಾರ, ನಾ ಎಂದೂ ಕೇಳಿಲ್ಲ’ ಎಂದ. ಅವನನ್ನು ಮೆಚ್ಚಿದೆವು.

ಕಳೆದ ಶ್ರಾವಣದಲ್ಲಿ ಆ ಮನೆಗೆ ಮತ್ತೆ ಪಾದಪೂಜೆಗೆ ಹೋಗಿದ್ದೆವು. ಹುಡುಗಿಯ ಓದು ಮುಗಿದಿದೆ, ತಾಲ್ಲೂಕಿನ ಊರಿನಲ್ಲಿ ಶಿಕ್ಷಕಿಯಾಗಿದ್ದಾಳೆ. ಕೊರಳಲ್ಲಿ ಕರಡಿಗೆ ಇತ್ತು. ಪಾದಪೂಜೆಗೆ ನೀರು ತಂದವಳು ಅವಳೇ. ದನದ ಮನೆಯ ಆ ಮೂಲೆಯಲ್ಲಿ ಈಗ ಹೊಟ್ಟು ತುಂಬಿದ್ದಾರೆ. ಸೊಸೆ ಕಾಣಲಿಲ್ಲವೆಂದು ಕೇಳಿದೆವು. ಯಜಮಾನ ತುಸು ನಾಚುತ್ತ, ಒಳಮನೆಯಲ್ಲಿ ಮಲಗಿದ್ದಾಳೆಂದೂ, ಬೆಳಗಿನ ನೀರು ತಾನೇ ತಂದೆನೆಂದೂ ಹೇಳಿದ. ಅಷ್ಟರಲ್ಲಿ ನೆರೆಮನೆಯ ಹೆಣ್ಣುಮಗಳೊಬ್ಬಳು ಬಂದು ಸೊಸೆಯನ್ನು ವಿಚಾರಿಸಿದಳು. ಒಳಮನೆಯಲ್ಲಿ, ಜಗಲಿಯಿಂದ ನಾಲ್ಕು ಮಾರು ದೂರದಲ್ಲಿ, ಕೊರಳಲ್ಲಿ ಲಿಂಗ ಧರಿಸಿ ಮಲಗಿದ್ದ ಸೊಸೆಯ ಕಡೆ ಕೈ ತೋರಿಸಿ ಅಜ್ಜಿ ಎಂದಿನ ದನಿಯಲ್ಲಿಯೇ ಹೇಳಿದಳು: ‘ಹೊರಗ ಕುಂತಾಳವ್ವಾ.’